ಕೈಕೋಳದಲ್ಲಿ ಕಲಿತ ಬಲ: ಅಲೆಕ್ಸಾಂಡರ್ ಝಾಸ್

ಓದುಗ ಮಿತ್ರರೇ, ಮುಂದೆ ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಬಲಗೈಯ ಮುಂಗೈಯನ್ನು, ಅಂದರೆ ಮೊಣಕೈಯಿಂದ ಸ್ವಲ್ಪ ಕೆಳಗಿನ ಭಾಗವನ್ನು, ಎಡಗೈಯಿಂದ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಮಡಚಿ ಮುಷ್ಟಿ ಬಿಗಿ ಮಾಡಿ. ಎಡಗೈಯ ಕೆಳಗೆ ಏನೋ ಉಬ್ಬಿ ಸರಿದಾಡಿದ್ದು ತಿಳಿಯಿತಲ್ಲವೇ? ಬೆರಳನ್ನು ಬಿಗಿಯಾಗಿ ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಇಲ್ಲಿವೆ. ಇಲ್ಲಿಂದ ಹೊರಟ ಗಟ್ಟಿ ಹುರಿಗಳು ಮಣಿಕಟ್ಟನ್ನು ದಾಟಿ ಬೆರಳ ತುದಿಯವರೆಗೆ ಹೋಗಿ, ಸೂತ್ರದ ಗೊಂಬೆಯ ದಾರದಂತೆ ಬೆರಳುಗಳನ್ನು ಎಳೆಯುತ್ತವೆ. ಈ ಹುರಿಗಳಿಗೆ ಇಂಗ್ಲಿಷಿನಲ್ಲಿ ಟೆಂಡನ್ ಎನ್ನುತ್ತಾರೆ, ನಮ್ಮ ಪಠ್ಯಪುಸ್ತಕಗಳಲ್ಲಿ ಸ್ನಾಯುರಜ್ಜು.

ಹಿಡಿತದ ಬಲಕ್ಕೆ ಉರ್ದುವಿನಲ್ಲಿ ಒಂದು ಚಂದದ ಮಾತಿದೆ, ಪಂಜಾ. ಪಂಜ್ ಎಂದರೆ ಐದು. ಐದು ಬೆರಳುಗಳಿಗೆ ಐದು ಬೆರಳು ಹೆಣೆದು ಎದುರಾಳಿಯ ಕೈ ಮಣಿಸುವುದೇ ಪಂಜಾ ಲಡಾನಾ. ಕನ್ನಡದಲ್ಲಾದರೆ ಉಡದ ಹಿಡಿತ ಎನ್ನುತ್ತೇವೆ. ಉಡ ದೊಡ್ಡ ಪ್ರಾಣಿಯೇನೂ ಅಲ್ಲ ಎಂಬುದನ್ನು ಗಮನಿಸಿ. ಇಂದು ನಿಮಗೆ ಪರಿಚಯಿಸುತ್ತಿರುವ ಅಲೆಕ್ಸಾಂಡರ್ ಝಾಸ್ ಕೂಡ ದೈತ್ಯನಲ್ಲ. ಐದು ಅಡಿ ಆರು ಅಂಗುಲದ ಆಳು, ತೂಕ ಸುಮಾರು 75ರಿಂದ 80 ಕಿಲೋ. ಕೋಟು ತೊಟ್ಟು ಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದೇ ಮನುಷ್ಯ ವೇದಿಕೆಯ ಮೇಲೆ ಕಬ್ಬಿಣದ ಸರಳನ್ನು ಕೈಯಿಂದಲೇ ಬಳ್ಳಿಯಂತೆ ಸುತ್ತಿ ಆಕೃತಿಗಳನ್ನು ಮಾಡುತ್ತಿದ್ದ, ಸರಪಳಿಗಳನ್ನು ಹರಿಯುತ್ತಿದ್ದ.

ಝಾಸ್ ಹುಟ್ಟಿದ್ದು 1888ರಲ್ಲಿ, ವಿಲ್ನಾ ನಗರದಲ್ಲಿ. ಅಂದು ಅದು ರಷ್ಯಾ ಸಾಮ್ರಾಜ್ಯದ ಊರು, ಇಂದು ವಿಲ್ನಿಯಸ್ ಎಂಬ ಹೆಸರಿನಲ್ಲಿ ಲಿಥುವೇನಿಯಾದ ರಾಜಧಾನಿ. ಬಾಲ್ಯ ಕಳೆದದ್ದು ರಷ್ಯಾದ ಒಳನಾಡಿನ ಸರಾನ್ಸ್ಕ್ ಕಡೆ. ಒಮ್ಮೆ ಊರಿಗೆ ಸರ್ಕಸ್ ಬಂತು. ತಂದೆಯೇ ಮಗನನ್ನು ಕರೆದುಕೊಂಡು ಹೋದರು. ಅಲ್ಲಿ ಸರಪಳಿ ಹರಿದು ಸರಳು ಬಗ್ಗಿಸುವ ಪೈಲ್ವಾನನನ್ನು ಕಂಡ ಹುಡುಗನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮತ್ತೊಂದು ದಿನ ಮನೆಯವರಿಗೆ ತಿಳಿಯದಂತೆ ಒಬ್ಬನೇ ಹೋಗಿ ನೋಡಿದ. ಸಿಕ್ಕಿಬಿದ್ದಾಗ ಬೆನ್ನಿಗೆ ಏಟು ಬಿತ್ತು, ಜೊತೆಗೆ ದನ ಕಾಯಲು ದೂರದ ಹಳ್ಳಿಗೆ ಅಟ್ಟಿದರು. ಇದೆಲ್ಲ ಮುಂದೆ ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಸಂಗತಿ. ಮಗ ರೈಲು ಎಂಜಿನ್ ಓಡಿಸುವವನಾಗಲಿ ಎಂಬುದು ತಂದೆಯ ಆಸೆ. ತಪ್ಪೇನಿಲ್ಲ, ಆ ಕಾಲಕ್ಕೆ ಅದು ಗೌರವದ ನೌಕರಿ.

ಆದರೆ ಹುಡುಗನ ಮನಸ್ಸು ಕಬ್ಬಿಣದ ಮೇಲೆ ನೆಟ್ಟಿತ್ತು. ಅಂದು ಜಗತ್ತಿಗೆಲ್ಲ ಹೆಸರಾಗಿದ್ದ ಯೂಜೀನ್ ಸ್ಯಾಂಡೋ ಅವರ ವ್ಯಾಯಾಮದ ಪುಸ್ತಕವನ್ನು ಅವನು ಓದಿದ. ಡಂಬೆಲ್ ಕೊಳ್ಳಲು ದುಡ್ಡಿಲ್ಲ, ಸಿಕ್ಕಿದ್ದರಲ್ಲೇ ಕಲಿತ. ಹಸಿ ಮರದ ಕೊಂಬೆಗಳನ್ನು ಬರಿಗೈಯಿಂದ ಬಗ್ಗಿಸಿ ತಿರುಚುವುದು ಅವನ ಮೊದಲ ಸಾಧನೆ. ಒಣ ಕಡ್ಡಿ ಲಟಕ್ಕೆಂದು ಮುರಿಯುತ್ತದೆ. ಹಸಿ ಕೊಂಬೆ ಹಾಗಲ್ಲ, ಬಾಗುತ್ತದೆ, ಮತ್ತೆ ಚಿಮ್ಮುತ್ತದೆ, ಕೊನೆಯವರೆಗೂ ಎದುರು ನಿಲ್ಲುತ್ತದೆ. ಅದನ್ನು ಹಿಡಿದಿಡಲು ಬೆರಳು, ಮಣಿಕಟ್ಟು, ಮುಂಗೈ ಎಲ್ಲವೂ ಒಟ್ಟಿಗೆ ದುಡಿಯಬೇಕು. ಮುಂದೆ ಬೇರೆಯವರಿಗೆ ಕಲಿಸುವಾಗ ಅವನು ಚೀಲದ ಸಾಧನೆಯನ್ನೂ ಹೇಳಿದ. ಚೀಲಕ್ಕೆ ಮೊದಲು ಮರದ ಹೊಟ್ಟು ತುಂಬಬೇಕು, ಸುಮಾರು ಏಳು ಕಿಲೋ. ಕೆಲವು ದಿನಗಳಿಗೊಮ್ಮೆ ಒಂದು ಹಿಡಿ ಹೊಟ್ಟು ತೆಗೆದು ಒಂದು ಹಿಡಿ ಮರಳು ಹಾಕಬೇಕು. ಎಲ್ಲ ಮರಳಾದ ಮೇಲೆ ಮರಳಿನ ಜಾಗಕ್ಕೆ ಸೀಸದ ಗುಂಡು. ಚೀಲದ ಗಾತ್ರ ಅಷ್ಟೇ ಇರುತ್ತದೆ, ತೂಕ ಮಾತ್ರ ಮೈಗೆ ಗೊತ್ತಾಗದಷ್ಟು ನಿಧಾನವಾಗಿ ಏರುತ್ತದೆ. ಎಂಟು ದಿನದಲ್ಲಿ ತೋಳು ಉಬ್ಬಬೇಕೆಂದು ಬಯಸುವ ನನ್ನ ಹತ್ತನೇ ತರಗತಿಯ ಹುಡುಗರಿಗೆ ಈ ಹಿಡಿ ಮರಳಿನ ಲೆಕ್ಕ ರುಚಿಸುವುದಿಲ್ಲ, ಬಿಡಿ.

1908ರಲ್ಲಿ ರೈಲ್ವೆ ಕೆಲಸಕ್ಕೆಂದು ಓರೆನ್‌ಬರ್ಗ್ ನಗರಕ್ಕೆ ಹೋದವನು ಅಲ್ಲಿದ್ದ ಸರ್ಕಸ್ ಕಂಪನಿ ಸೇರಿಬಿಟ್ಟ. ಮೊದಲು ಮೈದಾನ ಗುಡಿಸುವ, ಪ್ರಾಣಿಗಳಿಗೆ ಮೇವು ಹಾಕುವ ಚಾಕರಿ. ಆಮೇಲೆ ಕುಸ್ತಿ, ಆಮೇಲೆ ಬಲಪ್ರದರ್ಶನ.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಝಾಸ್ ರಷ್ಯಾದ ಸೈನಿಕನಾಗಿ ಆಸ್ಟ್ರಿಯಾದ ವಿರುದ್ಧದ ರಣರಂಗಕ್ಕೆ ಹೋದ. ಗಾಯಗೊಂಡ ಕುದುರೆಯನ್ನು ಶತ್ರುವಿನ ಕೈಗೆ ಬಿಡಲಾರದೆ ಹೆಗಲ ಮೇಲೆ ಹೊತ್ತು ತಂದ ಕತೆ ಈ ಕಾಲದ್ದು. ಸ್ವಲ್ಪ ದಿನಕ್ಕೇ ಶೆಲ್ಲಿನ ಚೂರುಗಳು ಎರಡೂ ಕಾಲಿಗೆ ಹೊಕ್ಕವು. ಎಚ್ಚರವಾದಾಗ ಅವನು ಆಸ್ಟ್ರಿಯಾದವರ ಆಸ್ಪತ್ರೆಯಲ್ಲಿ ಯುದ್ಧಕೈದಿ. ಕಾಲು ಕತ್ತರಿಸುವ ಮಾತೂ ಬಂದಿತ್ತು. ಕಾಲು ಉಳಿಯಿತು, ಹಾಸಿಗೆಯಲ್ಲಿ ತಾನೇ ಕಂಡುಕೊಂಡ ವ್ಯಾಯಾಮಗಳಿಂದ ಮತ್ತೆ ನಡೆದಾಡಿದ.

ನಡೆಯಲು ಬಂದ ಕೂಡಲೇ ಅವನು ಮಾಡಿದ ಕೆಲಸ ಪಲಾಯನ. ಸಿಕ್ಕಿಬಿದ್ದ. ಮತ್ತೆ ಓಡಿದ. ಒಂದು ಸಲ ಹಂಗೇರಿಯ ಕಪೋಶ್ವಾರ್ ಎಂಬ ಊರಿನಲ್ಲಿ ಸರ್ಕಸ್ ಕಂಪನಿಯೊಂದು ಆಶ್ರಯ ಕೊಟ್ಟಿತು. ಆದರೆ ಬಲಶಾಲಿಯ ಹೆಸರು ಊರೆಲ್ಲ ಹರಡಿತು. ಇಷ್ಟು ಗಟ್ಟಿಮುಟ್ಟಾದ ಆಳು ಸೈನ್ಯದಲ್ಲಿರದೆ ಸರ್ಕಸ್ಸಿನಲ್ಲೇಕಿದ್ದಾನೆ ಎಂದು ಅಧಿಕಾರಿಗೆ ಸಂಶಯ ಬಂತು. ವಿಚಾರಿಸಿದಾಗ ರಷ್ಯಾದ ಕೈದಿ ಎಂದು ತಿಳಿದು, ಈ ಸಲ ಕೋಟೆಯ ನೆಲಮಾಳಿಗೆಗೆ ತಳ್ಳಿ ಸರಪಳಿ ಬಿಗಿದರು. ಬಚ್ಚಿಡಬೇಕಾದ ಬಲವೇ ಹಿಡಿದುಕೊಟ್ಟಿತು.

ಆ ಕತ್ತಲ ಕೋಣೆಯನ್ನು ಕಲ್ಪಿಸಿಕೊಳ್ಳಿ. ಎತ್ತಲು ಭಾರವಿಲ್ಲ, ಓಡಲು ಜಾಗವಿಲ್ಲ, ಊಟವೂ ಅರೆಹೊಟ್ಟೆ. ಇದ್ದದ್ದು ಎರಡೇ, ಕೈಯ ಸರಪಳಿ ಮತ್ತು ಕಿಟಕಿಯ ಸರಳು. ಝಾಸ್ ಅವುಗಳನ್ನೇ ಎಳೆಯತೊಡಗಿದ. ಅವು ಕದಲಲಿಲ್ಲ. ಕೆಲವು ಕ್ಷಣ ಇದ್ದ ಶಕ್ತಿಯೆಲ್ಲ ಹಾಕಿ ಎಳೆಯುವುದು, ಬಿಡುವುದು, ಮತ್ತೆ ಬೇರೆ ಕೋನದಲ್ಲಿ ಎಳೆಯುವುದು. ಸ್ನಾಯು ಬಿಗಿಯುತ್ತದೆ, ಆದರೆ ಕೀಲು ಅಲುಗುವುದಿಲ್ಲ. ದಿನ ಕಳೆದಂತೆ ಅವನಿಗೆ ಒಂದು ವಿಷಯ ಖಚಿತವಾಯಿತು. ಚಲನೆ ಇಲ್ಲದೆಯೂ ಬಲ ಬೆಳೆಯುತ್ತದೆ. ತೋಳಿನ ಗಾತ್ರಕ್ಕಿಂತ ಅದನ್ನು ಮೂಳೆಗೆ ಕಟ್ಟಿದ ಹುರಿ ಗಟ್ಟಿಯಾಗಬೇಕು ಎಂಬುದು ಅವನ ಸಿದ್ಧಾಂತವಾಯಿತು. ಕೊನೆಗೆ ಅದೇ ಕೈಗಳಿಂದ ಬಂಧನ ಬಿಡಿಸಿಕೊಂಡು ಪಾರಾದ ಎನ್ನುತ್ತದೆ ಆತ್ಮಕಥೆ.

ಈ ವಿಧಾನಕ್ಕೆ ಇಂದು ಐಸೊಮೆಟ್ರಿಕ್ ವ್ಯಾಯಾಮ ಎಂಬ ಹೆಸರಿದೆ. ಇದಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು ಬಹಳ ತಡವಾಗಿ. 1953ರಲ್ಲಿ ಜರ್ಮನಿಯ ಹೆಟಿಂಗರ್ ಮತ್ತು ಮ್ಯೂಲರ್ ಎಂಬ ಸಂಶೋಧಕರು, ದಿನಕ್ಕೆ ಒಮ್ಮೆ ಆರು ಸೆಕೆಂಡು, ಪೂರ್ಣ ಶಕ್ತಿಯ ಮೂರನೇ ಎರಡರಷ್ಟು ಹಾಕಿ ಸ್ನಾಯು ಬಿಗಿ ಹಿಡಿದರೂ ವಾರಕ್ಕೆ ಸುಮಾರು ಶೇಕಡಾ 5ರಷ್ಟು ಬಲ ಹೆಚ್ಚುತ್ತದೆ ಎಂದು ಪ್ರಕಟಿಸಿದರು. ನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ. ಮುಖ್ಯವಾಗಿ, ಯಾವ ಕೋನದಲ್ಲಿ ಅಭ್ಯಾಸ ಮಾಡುತ್ತೇವೋ ಆ ಕೋನದ ಆಸುಪಾಸಿನಲ್ಲಿ ಮಾತ್ರ ಬಲ ಹೆಚ್ಚು ಬೆಳೆಯುತ್ತದೆ ಎಂದು ತಿಳಿಯಿತು. ಝಾಸ್ ಸರಪಳಿಯನ್ನು ಸೊಂಟದ ಮುಂದೆ, ಎದೆಯ ಮುಂದೆ, ತಲೆಯ ಮೇಲೆ, ಬೆನ್ನ ಹಿಂದೆ ಹೀಗೆ ಬೇರೆ ಬೇರೆ ಕಡೆ ಹಿಡಿದು ಎಳೆಯುವಂತೆ ಕಲಿಸಿದ್ದು ಎಷ್ಟು ಸರಿ ನೋಡಿ! ಇನ್ನೊಂದು ಎಚ್ಚರಿಕೆ, ಹೀಗೆ ಎಳೆಯುವಾಗ ಉಸಿರು ಕಟ್ಟಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಸ್ನಾಯುವಿಗಿಂತ ಸ್ನಾಯುರಜ್ಜು ನಿಧಾನವಾಗಿ ಗಟ್ಟಿಯಾಗುತ್ತದೆ. ಹುಮ್ಮಸ್ಸಿನ ಹುಡುಗರು ಇದನ್ನು ನೆನಪಿಡಬೇಕು.

ಯುದ್ಧ ಮುಗಿದ ಮೇಲೆ ಝಾಸ್ ತಾಯ್ನಾಡಿಗೆ ಹಿಂದಿರುಗಲಿಲ್ಲ. ಬುಡಾಪೆಸ್ಟಿನಲ್ಲಿ ಮೂಟೆ ಹೊತ್ತ, ಕುಸ್ತಿ ಆಡಿದ, ಯುರೋಪಿನ ಊರೂರು ಅಲೆದ. 1924ರ ಹೊತ್ತಿಗೆ ಇಂಗ್ಲೆಂಡಿಗೆ ಬಂದ, ಅಲ್ಲೇ ನೆಲೆ ನಿಂತ. ರಂಗದ ಮೇಲೆ ಅವನ ಹೆಸರು ಸ್ಯಾಮ್ಸನ್, ಬೈಬಲ್ಲಿನ ಬಲಶಾಲಿಯ ಹೆಸರು. ಕೈಹಿಡಿಕೆ ಇರುವ ಸರಪಳಿಗಳ ಜೊತೆ ಅಂಚೆಯ ಮೂಲಕ ವ್ಯಾಯಾಮ ಪಾಠ ಕಳಿಸುವ ವ್ಯವಹಾರವನ್ನೂ ಶುರು ಮಾಡಿದ. ಸೆರೆಮನೆಯ ಸರಪಳಿ ಪಾರ್ಸೆಲ್ಲಾಗಿ ಮನೆಮನೆಗೆ ಹೋಯಿತು!

ಇಲ್ಲೊಂದು ತಮಾಷೆಯಿದೆ. ಪ್ರೇಕ್ಷಕರಿಗೆ ಬಲಶಾಲಿ ಎಂದರೆ ಗುಡ್ಡದಂಥ ದೇಹ. ಫ್ರಾನ್ಸಿನ ಲೂಯಿ ಊನಿ ಎಂಬಾತ, ಅಪೊಲಾನ್ ಎಂದೇ ಪ್ರಸಿದ್ಧ, ಆರು ಅಡಿ ಮೀರಿದ ಆಳು, ನೂರು ಕಿಲೋಗೂ ಬಹಳ ಮೇಲಿನ ತೂಕ. ದಪ್ಪ ಅಚ್ಚಿನ ರೈಲು ಗಾಲಿಜೋಡಿ, 166 ಕಿಲೋ, ಅವನ ಪಂಜಾಕ್ಕೆ ಸಿಗುತ್ತಿತ್ತು. ಅಂಥವರನ್ನು ಕಂಡ ಕಣ್ಣಿಗೆ ಝಾಸ್ ಸಪ್ಪೆ ಕಾಣುತ್ತಿದ್ದ. ಹಾಗಾಗಿ ಅವನು ಬೇರೆ ವ್ಯಾಯಾಮ ಮಾಡಿ ತೋಳನ್ನು ದಪ್ಪ ಮಾಡಿಕೊಂಡ. ಆ ಹೆಚ್ಚಿದ ಗಾತ್ರ ನೋಡುವವರ ತೃಪ್ತಿಗೇ ಹೊರತು ಬಲಕ್ಕಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ಅವನ ಆಟಗಳಲ್ಲಿ ಎದೆಯ ಮೇಲೆ ಲಾರಿ ಹಾಯಿಸಿಕೊಳ್ಳುವುದು, ಫಿರಂಗಿಯಿಂದ ಹಾರಿಬಂದ ಸಹಾಯಕಿಯನ್ನು ಗಾಳಿಯಲ್ಲೇ ಹಿಡಿಯುವುದು ಮುಂತಾದವು ಹೆಚ್ಚು ಸದ್ದು ಮಾಡಿದವು. ನನ್ನ ಮಟ್ಟಿಗೆ ಅವು ಸರ್ಕಸ್ಸಿನ ಸೊಗಸು. ಬೆರಳ ಕೆಲಸವೇ ನಿಜವಾದ ಪರೀಕ್ಷೆ. ದೊಡ್ಡ ಮೊಳೆಯನ್ನು ಬರಿ ಅಂಗೈಯಿಂದ ಹಲಗೆಗೆ ಬಡಿಯುವುದು, ಬಳಿಕ ಅದರ ತಲೆಯನ್ನು ಬೆರಳುಗಳಲ್ಲಿ ಸಿಕ್ಕಿಸಿ ಹೊರಗೆಳೆಯುವುದು. ಬಡಗಿಯ ಅಂಗಡಿಯಲ್ಲಿ ಮೊಳೆ ಕೀಳುವ ಸುತ್ತಿಗೆಗೆ ಉದ್ದ ಹಿಡಿ ಇರುತ್ತದೆ, ಸನ್ನೆಕೋಲಿನ ತತ್ವ ಅಲ್ಲಿ ನೆರವಿಗೆ ಬರುತ್ತದೆ. ಬೆರಳಿಗೆ ಆ ಅನುಕೂಲವಿಲ್ಲ. ಸರಳಿನದ್ದೂ ಇದೇ ಲೆಕ್ಕ. ಉದ್ದ ಸರಳಿನ ಎರಡು ತುದಿ ಹಿಡಿದು ಬಗ್ಗಿಸುವುದು ಸುಲಭ, ಅದೇ ದಪ್ಪದ ಗಿಡ್ಡ ಸರಳು ಕಠಿಣ. ಜಾತ್ರೆಯಲ್ಲಿ ಯಾರಾದರೂ ಸರಳು ಬಗ್ಗಿಸಿದರೆ ದಪ್ಪವನ್ನಷ್ಟೇ ನೋಡಬೇಡಿ, ಉದ್ದವನ್ನೂ ನೋಡಿ.

ರಂಗದವರ ಮಾತನ್ನು ಪೂರ್ತಿ ನಂಬಬೇಕೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಕುದುರೆ ಹೊತ್ತದ್ದು, ಸೆರೆಯಿಂದ ಪಾರಾದದ್ದು ಅವನದೇ ಬಾಯಿಂದ ಬಂದ ಕತೆ, ಟಿಕೆಟ್ ಮಾರುವ ಮನುಷ್ಯ ಒಂದಕ್ಕೆ ಎರಡು ಸೇರಿಸಿರಬಹುದು. ಆದರೆ ಸರಳು ಬಗ್ಗಿಸಿದ್ದು ಸಾವಿರಾರು ಜನರ ಕಣ್ಣೆದುರು.

ಕಡಿಮೆ ತೂಕದವರು ಇಷ್ಟು ಬಲ ತೋರುವುದು ಹೇಗೆ? ಗಣಿತದ ಮೇಷ್ಟರನ್ನು ಕೇಳಿದರೆ ಹೀಗೆ ಹೇಳುತ್ತಾರೆ: ಒಂದು ದೇಹವನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ಹಿಗ್ಗಿಸಿದರೆ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಬಲ ನಿಂತಿರುವುದು ಅಡ್ಡಕೊಯ್ತದ ಮೇಲೆ. ಆದ್ದರಿಂದ ತನ್ನ ತೂಕಕ್ಕೆ ಹೋಲಿಸಿದರೆ ಸಣ್ಣವನೇ ಬಲಿಷ್ಠ. ಆದರೆ ಕಬ್ಬಿಣ ಯಾರ ತೂಕವನ್ನೂ ಕೇಳುವುದಿಲ್ಲವಲ್ಲ! ಅಲ್ಲಿ ಈ ಲೆಕ್ಕದ ರಿಯಾಯಿತಿ ಇಲ್ಲ. ಅಲ್ಲಿ ಉಳಿಯುವುದು ವರ್ಷಗಟ್ಟಲೆ ಪಳಗಿದ ಹಿಡಿತ, ನೋವು ತಡೆಯುವ ಅಂಗೈ, ಮತ್ತು ಇದ್ದ ಸ್ನಾಯುವನ್ನೆಲ್ಲ ಒಂದೇ ಕ್ಷಣಕ್ಕೆ ಕೆಲಸಕ್ಕೆ ಹಚ್ಚಲು ಕಲಿತ ನರಮಂಡಲ.

ಝಾಸ್ ಒಬ್ಬನೇ ಅಲ್ಲ. ಪೋಲೆಂಡಿನಿಂದ ಅಮೆರಿಕಕ್ಕೆ ಹೋದ ಜೋಸೆಫ್ ಗ್ರೀನ್‌ಸ್ಟೈನ್ ಸುಮಾರು 65 ಕಿಲೋದ ಮನುಷ್ಯ, ಮೊಳೆ ಮತ್ತು ಕುದುರೆ ಲಾಳ ಬಗ್ಗಿಸುತ್ತಿದ್ದ, 1977ರಲ್ಲಿ ತೀರಿಕೊಂಡ. ನಮ್ಮ ದೇಶದಲ್ಲೇ ಬಂಗಾಳದ ಮನೋಹರ ಐಚ್ ಇದ್ದರು. ಎತ್ತರ ಐದು ಅಡಿಗೂ ಒಂದು ಅಂಗುಲ ಕಡಿಮೆ. ಬ್ರಿಟಿಷರ ವಾಯುಪಡೆಯಲ್ಲಿದ್ದಾಗ ಅಧಿಕಾರಿಯೊಬ್ಬನಿಗೆ ಕಪಾಳಕ್ಕೆ ಹೊಡೆದು ಜೈಲು ಸೇರಿದರು. ಉಪಕರಣಗಳಿಲ್ಲದ ಜೈಲಿನಲ್ಲೇ ಗಂಟೆಗಟ್ಟಲೆ ಸಾಧನೆ ಮಾಡಿ, 1952ರಲ್ಲಿ ತಮ್ಮ ಎತ್ತರದ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು. 2016ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ನಿಧನರಾದರು.

ಹಿಡಿತದ ಬಲ ಪೈಲ್ವಾನರ ಆಟ ಮಾತ್ರ ಎಂದು ತಿಳಿಯಬೇಡಿ. 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರ ಮುಷ್ಟಿಯ ಬಲವನ್ನು ಮಾಪಕದಿಂದ ಅಳೆದು, ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸಿದ್ದರು. ಹಿಡಿತ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚು ಕಂಡಿತು. ಮುಷ್ಟಿ ಹಿಸುಕಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಇಡೀ ದೇಹದ ಸ್ಥಿತಿಯ ಗುರುತು ಅಂಗೈಯಲ್ಲಿ ಸಿಗುತ್ತದೆ ಎಂದಷ್ಟೇ.

ಝಾಸ್ 1954ರವರೆಗೂ ಬಲಪ್ರದರ್ಶನ ನೀಡಿದ, ಆಗ ವಯಸ್ಸು 66. ಆ ಬಳಿಕ ಪ್ರಾಣಿಗಳನ್ನು ಪಳಗಿಸಿ ಆಟ ಆಡಿಸುವ ಕೆಲಸದಲ್ಲಿ ಉಳಿದ. ಕುದುರೆಮರಿ, ಕೋತಿ, ನಾಯಿಗಳ ಜೊತೆಗಿನ ಆ ಬದುಕು ಓರೆನ್‌ಬರ್ಗಿನಲ್ಲಿ ಮೇವು ಹಾಕುತ್ತಿದ್ದ ದಿನಗಳಿಗೆ ಬಹಳ ದೂರವೇನಲ್ಲ. 1962ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ ತೀರಿಕೊಂಡ. ಹಾಕ್ಲಿ ಎಂಬ ಸಣ್ಣ ಊರಿನ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಇದೆ. ರಷ್ಯಾದಲ್ಲಿ 2008ರಲ್ಲಿ ಅವನ ಪ್ರತಿಮೆ ನಿಲ್ಲಿಸಿದರು, ಓರೆನ್‌ಬರ್ಗಿನ ಸರ್ಕಸ್ ಕಟ್ಟಡದ ಮುಂದೆ.