ಜಾನ್ ಬನ್ಯನ್ ಮತ್ತು ಜೈಲಿನ ಹೊರಗಿದ್ದ ಎಲಿಜಬೆತ್

ಶೂ ಲೇಸಿನ ತುದಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಕವಚ ಇರುತ್ತಲ್ಲ, ಹಿಂದೆ ಅದನ್ನ ಲೋಹದಲ್ಲಿ ಮಾಡ್ತಿದ್ರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ, ಬೆಡ್‌ಫರ್ಡ್ ಕೌಂಟಿ ಜೈಲಿನೊಳಗೆ ಕೂತು ಒಬ್ಬ ಮನುಷ್ಯ ಇಂಥ ಉದ್ದ ಲೇಸುಗಳಿಗೆ ತುದಿ ಕೂರಿಸ್ತಾ ಇದ್ದ. ಒಂದೆರಡಲ್ಲ, ನೂರಾರು ಗ್ರೋಸ್. ಒಂದು ಗ್ರೋಸ್ ಅಂದ್ರೆ 144. ಅದು ಜೈಲಿನವರು ಕೊಟ್ಟ ಶಿಕ್ಷೆಯಲ್ಲ. ಹೊರಗೆ ಅವನ ಹೆಂಡತಿ, ನಾಲ್ಕು ಮಕ್ಕಳು ಇದ್ದರು. ಲೇಸು ಮಾರಿ ಬಂದ ಕಾಸು ಅವರ ಊಟಕ್ಕೆ.

ಆತ ಜಾನ್ ಬನ್ಯನ್. ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ ಬರೆದವನು. ಬಾಸೆಲ್ ಮಿಷನ್ನಿನವರ ಮೂಲಕ 19ನೇ ಶತಮಾನದಲ್ಲೇ ಯಾತ್ರಿಕನ ಸಂಚಾರ ಅನ್ನೋ ಹೆಸರಲ್ಲಿ ಕನ್ನಡಕ್ಕೂ ಬಂದ ಪುಸ್ತಕ ಅದು. ಆ ಪುಸ್ತಕದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ಅದಕ್ಕಿಂತ ಮುಂಚಿನ ಹನ್ನೆರಡು ವರ್ಷ, ಜೈಲಿನ ಒಳಗೊಬ್ಬ ಹೊರಗೊಬ್ಬಳು ಹೇಗೆ ದಿನ ದೂಡಿದರು ಅನ್ನೋದು ನನಗೆ ಹೆಚ್ಚು ಮುಖ್ಯ ಅನಿಸ್ತದೆ.

ಬನ್ಯನ್ ಹುಟ್ಟಿದ್ದು 1628ರಲ್ಲಿ, ಬೆಡ್‌ಫರ್ಡ್ ಪಕ್ಕದ ಎಲ್‌ಸ್ಟೋ ಹಳ್ಳಿಯಲ್ಲಿ. ಅಪ್ಪನದು ಪಾತ್ರೆ ರಿಪೇರಿ ಕೆಲಸ. ತೂತು ಬಿದ್ದ ಕೊಳಗಕ್ಕೆ ತೇಪೆ ಹಾಕೋದು, ಬೆಸುಗೆ ಹಾಕೋದು. ಮಗನೂ ಅದೇ ಕಸುಬು ಕಲಿತ. ಅವನಿಗೆ ಹದಿನಾರು ತುಂಬೋ ಹೊತ್ತಿಗೆ ಅಮ್ಮ ತೀರಿಕೊಂಡಳು, ಒಂದೇ ತಿಂಗಳಲ್ಲಿ ತಂಗಿಯೂ ಹೋದಳು. ಆಗ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೀತಿತ್ತು. ಪಾರ್ಲಿಮೆಂಟಿನ ಸೈನ್ಯದಲ್ಲಿ ಎರಡು ಮೂರು ವರ್ಷ ಇದ್ದು ಬಂದ. ಮದುವೆಯಾದ. ಆ ಮೊದಲ ಹೆಂಡತಿಯ ಹೆಸರೇ ದಾಖಲೆಯಲ್ಲಿ ಉಳಿದಿಲ್ಲ. ಆಕೆ ತವರಿಂದ ತಂದ ಎರಡು ಧಾರ್ಮಿಕ ಪುಸ್ತಕಗಳ ಹೆಸರು ಮಾತ್ರ ಉಳಿದಿದೆ! 1650ರಲ್ಲಿ ಹುಟ್ಟಿದ ಮೊದಲ ಮಗಳು ಮೇರಿಗೆ ಹುಟ್ಟಿನಿಂದಲೇ ಕಣ್ಣು ಕಾಣ್ತಿರಲಿಲ್ಲ. ಆಮೇಲೆ ಇನ್ನೂ ಮೂರು ಮಕ್ಕಳಾದವು. 1658ರಲ್ಲಿ ಹೆಂಡತಿ ತೀರಿಕೊಂಡಳು. ಮರುವರ್ಷ ಬನ್ಯನ್ ಎಲಿಜಬೆತ್‌ಳನ್ನ ಮದುವೆಯಾದ. ತುಂಬಾ ಚಿಕ್ಕ ವಯಸ್ಸಿನ ಹುಡುಗಿ, ಬಂದ ದಿನವೇ ನಾಲ್ಕು ಮಕ್ಕಳ ತಾಯಿ.

ಅಷ್ಟೊತ್ತಿಗೆ ಬನ್ಯನ್ ಸುತ್ತಮುತ್ತಲ ಹಳ್ಳಿಗಳಲ್ಲಿ ಬೋಧನೆ ಮಾಡೋಕೆ ಶುರುಮಾಡಿದ್ದ. ಸರ್ಕಾರಿ ಚರ್ಚಿನ ಪಾದ್ರಿ ಅಲ್ಲ, ಓದು ಹೆಚ್ಚಿಲ್ಲ, ಲೈಸೆನ್ಸೂ ಇಲ್ಲ. 1660ರಲ್ಲಿ ರಾಜ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ವಾಪಸ್ ಬಂದ ಮೇಲೆ ಇಂಥವರ ಮೇಲೆ ಕಣ್ಣು ಬಿತ್ತು. ಆ ವರ್ಷ ನವೆಂಬರ್ 12ರಂದು ಲೋಯರ್ ಸ್ಯಾಮ್‌ಸೆಲ್ ಅನ್ನೋ ಕಡೆ ಸಭೆ ಇತ್ತು. ವಾರಂಟ್ ಹೊರಟಿದೆ ಅಂತ ಸುದ್ದಿ ಮೊದಲೇ ಬಂದಿತ್ತು, ತಪ್ಪಿಸಿಕೊಳ್ಳೋಕೆ ಟೈಮೂ ಇತ್ತು. ಆತ ಹೋಗಲಿಲ್ಲ. ಸಿಕ್ಕಿಬಿದ್ದ.

ಎಲಿಜಬೆತ್ ಆಗ ಬಸುರಿ. ಸುದ್ದಿ ಕೇಳಿದ ಆಘಾತಕ್ಕೆ ದಿನ ತುಂಬೋ ಮುಂಚೆಯೇ ನೋವು ಶುರುವಾಯ್ತು. ಎಂಟು ದಿನ ನರಳಿ ಹೆತ್ತಳು. ಮಗು ಉಳಿಯಲಿಲ್ಲ.

1661ರ ಜನವರಿಯಲ್ಲಿ, ಮೂರು ತಿಂಗಳಿಗೊಮ್ಮೆ ಕೂಡುವ ಕೌಂಟಿ ಕೋರ್ಟಿನಲ್ಲಿ ವಿಚಾರಣೆ ಆಯ್ತು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ. 1593ರ ಹಳೇ ಕಾನೂನು ಹಿಡಿದು ತೀರ್ಪು ಕೊಟ್ಟರು: ಮೂರು ತಿಂಗಳು ಜೈಲು, ಆಮೇಲೂ ಬೋಧನೆ ಬಿಡಲ್ಲ ಅಂದ್ರೆ ಗಡೀಪಾರು, ಗಡೀಪಾರಾದವನು ಅನುಮತಿ ಇಲ್ಲದೆ ಮರಳಿದರೆ ಗಲ್ಲು. ನಿಜಕ್ಕೂ ನಡೆದದ್ದೇ ಬೇರೆ. ಗಡೀಪಾರೂ ಮಾಡಲಿಲ್ಲ, ಬಿಡಲೂ ಇಲ್ಲ, ಸುಮ್ನೆ ಒಳಗೇ ಇಟ್ಟರು. ಮೂರು ತಿಂಗಳು ಹನ್ನೆರಡು ವರ್ಷ ಆಯ್ತು.

ಏಪ್ರಿಲ್‌ನಲ್ಲಿ ರಾಜನ ಪಟ್ಟಾಭಿಷೇಕ. ಆ ನೆಪದಲ್ಲಿ ದೇಶದ ತುಂಬ ಎಷ್ಟೋ ಕೈದಿಗಳು ಹೊರಬಂದರು, ಬನ್ಯನ್ ಬರಲಿಲ್ಲ. ಎಲಿಜಬೆತ್ ಲಂಡನ್ನಿಗೆ ಹೋದಳು. ಮೊದಲ ಮಗು ಕಳೆದುಕೊಂಡು ಇನ್ನೂ ವರ್ಷ ತುಂಬದ ಹೆಣ್ಣುಮಗಳು, ಸೀದಾ ಪ್ರಭುಗಳ ಸಭೆಯ ಒಬ್ಬ ಸದಸ್ಯನ ಕೈಗೆ ಅರ್ಜಿ ಕೊಟ್ಟಳು. ಅದು ನಮ್ಮ ಕೈಲಿಲ್ಲ, ಜಿಲ್ಲೆಗೆ ಬರೋ ನ್ಯಾಯಾಧೀಶರನ್ನ ಕೇಳು ಅಂತ ಉತ್ತರ ಬಂತು. ಈ ಟೇಬಲ್ಲಿಂದ ಆ ಟೇಬಲ್ಲಿಗೆ ಕಳಿಸೋ ಪದ್ಧತಿಗೆ ಕನಿಷ್ಠ 350 ವರ್ಷದ ಇತಿಹಾಸ ಇದೆ ಅಂತಾಯ್ತು.

ಆಗಸ್ಟ್‌ನಲ್ಲಿ ಆ ನ್ಯಾಯಾಧೀಶರು ಬೆಡ್‌ಫರ್ಡಿಗೆ ಬಂದರು. ಮುಂದಿನ ಒಂದೆರಡು ದಿನದಲ್ಲಿ ಎಲಿಜಬೆತ್ ಮಾಡಿದ್ದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊದಲು ಮ್ಯಾಥ್ಯೂ ಹೇಲ್‌ಗೆ ಅರ್ಜಿ ಕೊಟ್ಟಳು. ಆತ ಮೃದುವಾಗಿ ಮಾತಾಡಿ, ಕೈಲಾದ್ದು ಮಾಡ್ತೀನಿ, ಆದರೆ ಆಗೋದು ಅನುಮಾನ ಅಂದ. ಮರುದಿನ, ಹೇಲ್ ಮರೆತುಬಿಟ್ಟರೆ ಅಂತ, ಇನ್ನೊಬ್ಬ ನ್ಯಾಯಾಧೀಶ ಟ್ವಿಸ್ಡನ್ ಕೂತಿದ್ದ ಸಾರೋಟಿನೊಳಕ್ಕೇ ಇನ್ನೊಂದು ಪ್ರತಿ ಎಸೆದಳು. ಆತ ಸಿಡುಕಿದ, ಬೋಧನೆ ಬಿಡ್ತೀನಿ ಅಂತ ಮಾತು ಕೊಡೋವರೆಗೆ ನಿನ್ನ ಗಂಡ ಹೊರಬರಲ್ಲ ಅಂದ. ಮತ್ತೆ ಹೇಲ್ ಹತ್ತಿರ, ಈ ಸಲ ಕೋರ್ಟಿನಲ್ಲೇ. ಪಕ್ಕದಲ್ಲಿದ್ದ ಸ್ಥಳೀಯ ನ್ಯಾಯಾಧಿಕಾರಿ ಅಡ್ಡ ಮಾತಾಡಿ ತಪ್ಪಿಸಿದ. ಕೊನೆಗೆ, ಇನ್ನೊಂದು ಸಲ ಪ್ರಯತ್ನ ಮಾಡು ಅಂತ ಜಿಲ್ಲೆಯ ಶೆರೀಫನೇ ಧೈರ್ಯ ಹೇಳಿದ ಮೇಲೆ, ಸ್ವಾನ್ ಅನ್ನೋ ಛತ್ರದ ಕೋಣೆಗೆ ಹೋದಳು. ಇಬ್ಬರು ನ್ಯಾಯಾಧೀಶರು, ಸುತ್ತ ಊರಿನ ದೊಡ್ಡವರೆಲ್ಲ ಕೂತಿದ್ದರು. ಆಕೆ ನಡುಗುತ್ತಲೇ ಒಳಗೆ ಹೋದಳು ಅಂತ ಬನ್ಯನ್ ಆಮೇಲೆ ಬರೆದಿಟ್ಟಿದ್ದಾನೆ.

ಅಲ್ಲಿ ಆಕೆ ಎತ್ತಿದ ಪಾಯಿಂಟುಗಳು ಒಳ್ಳೇ ವಕೀಲರಿಗೂ ಸಾಕು. ಗಂಡನನ್ನ ಹಿಡಿದಾಗ ಆ ಸಭೆಗಳ ವಿರುದ್ಧ ಯಾವ ಆದೇಶವೂ ಹೊರಟಿರಲಿಲ್ಲ, ಆತ ತಪ್ಪೊಪ್ಪಿಕೊಂಡೂ ಇಲ್ಲ, ಹಾಗಾಗಿ ಈ ಬಂಧನವೇ ಅಕ್ರಮ ಅಂದಳು. ನಾಲ್ಕು ಮಕ್ಕಳು, ಒಂದಕ್ಕೆ ಕಣ್ಣಿಲ್ಲ, ಪುಣ್ಯಾತ್ಮರು ಕೊಟ್ಟದ್ದರಲ್ಲೇ ಬದುಕ್ತಿದ್ದೀವಿ ಅಂದಳು. ಇಷ್ಟು ಚಿಕ್ಕವಳಿಗೆ ನಾಲ್ಕು ಮಕ್ಕಳಾ ಅಂತ ಹೇಲ್ ಕೇಳಿದ. ತಾನು ಮಲತಾಯಿ, ತನ್ನ ಕೂಸು ಹೇಗೆ ಹೋಯ್ತು ಅಂತ ಹೇಳಿದಳು. ಹೇಲ್ ನೊಂದುಕೊಂಡ. ಟ್ವಿಸ್ಡನ್ ಮಾತ್ರ, ಬಡತನವನ್ನ ಮುಸುಕು ಮಾಡಿಕೊಂಡಿದ್ದಾಳೆ ಅಂದುಬಿಟ್ಟ. ಗಂಡನ ಕೆಲಸ ಏನು ಅಂತ ಕೇಳಿದಾಗ ಅಲ್ಲಿದ್ದವರು ಪಾತ್ರೆ ರಿಪೇರಿಯವನು ಅಂದರು. ಹೌದು, ಆ ಕೆಲಸದವನು, ಬಡವ, ಅದಕ್ಕೇ ಅವನಿಗೆ ನ್ಯಾಯ ಸಿಗ್ತಿಲ್ಲ ಅಂತ ಎಲಿಜಬೆತ್ ಮುಖಕ್ಕೇ ಹೇಳಿದಳು. ಬೋಧನೆ ಬಿಡ್ತಾನಾ ಅಂದಿದ್ದಕ್ಕೆ, ಮಾತು ಬರೋವರೆಗೂ ಬಿಡಲ್ಲ ಅಂದಳು.

ಹೇಲ್ ಮೂರು ದಾರಿ ತೋರಿಸಿದ: ರಾಜನಿಗೆ ಮೊರೆ, ಕ್ಷಮಾಪಣೆ, ಇಲ್ಲಾಂದ್ರೆ ತೀರ್ಪಿನಲ್ಲಿ ದೋಷ ಇದೆ ಅಂತ ಮೇಲಿನ ಕೋರ್ಟಿಗೆ ರಿಟ್. ಮೂರನೆಯದು ಖರ್ಚು ಕಮ್ಮಿ ಅಂತಲೂ ಹೇಳಿದ. ಹೇಲ್ ಒಳ್ಳೆಯವನು ಅಂತ ಎಲ್ಲರೂ ಬರೀತಾರೆ, ಇರಬಹುದು. ಆದರೆ ಅನ್ನಕ್ಕೇ ಇಲ್ಲದವಳಿಗೆ ಅಗ್ಗದ ರಿಟ್ ತೋರಿಸಿ ಕಳಿಸೋದನ್ನ ಸಹಾಯ ಅನ್ನೋಕೆ ನನಗೆ ಕಷ್ಟ.

ಆ ಕಾಲದ ಜೈಲನ್ನ ಈಗಿನ ಲೆಕ್ಕದಲ್ಲಿ ಊಹಿಸಿಕೊಳ್ಳಬೇಡಿ. ಜೈಲರ್‌ಗೆ ಸಂಬಳ ಇಲ್ಲ, ಕೈದಿಗಳಿಂದ ಫೀಸು ವಸೂಲಿ ಮಾಡೋದೇ ಆದಾಯ. ನೂರು ವರ್ಷ ಆದಮೇಲೂ ಕಥೆ ಅದೇ. 1773ರಲ್ಲಿ ಇದೇ ಕೌಂಟಿಗೆ ಶೆರೀಫನಾಗಿ ಬಂದ ಜಾನ್ ಹೊವಾರ್ಡ್, ನಿರಪರಾಧಿ ಅಂತ ತೀರ್ಪಾದವರನ್ನೂ ಫೀಸು ಕಟ್ಟಿಲ್ಲ ಅಂತ ಒಳಗೇ ಇಟ್ಟಿರೋದು ನೋಡಿ ಬೆಚ್ಚಿಬಿದ್ದು, ಜೈಲು ಸುಧಾರಣೆಗೆ ಇಳಿದ. ಅಂಥ ಕಡೆ ಮನೆಯವರು, ಗೆಳೆಯರು ಇದ್ದರಷ್ಟೇ ಕೈದಿ ಮನುಷ್ಯನಾಗಿ ಉಳೀತಾನೆ. ಮೇರಿ ದಿನಾ ಸಂಜೆ ಒಂದು ಜಗ್ಗಿನಲ್ಲಿ ಸೂಪು ಹಿಡಿದು, ದಾರಿ ತಡವಿಕೊಂಡು ಜೈಲಿಗೆ ಬರ್ತಿದ್ದಳು ಅಂತ ಬೆಡ್‌ಫರ್ಡಿನಲ್ಲಿ ಹೇಳ್ತಾರೆ. ಆ ಜಗ್ಗು ಅಂತ ಒಂದನ್ನ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ, ಜೈಲಿನ ಒಂದು ಬಾಗಿಲೂ ಇದೆ. ಕಥೆ ನಿಜವೋ ಅಲ್ಲವೋ, ಮೇರಿ ಬಗ್ಗೆ ಆತನಿಗಿದ್ದ ಸಂಕಟವಂತೂ ನಿಜ. 1666ರಲ್ಲಿ ಜೈಲಿನಿಂದಲೇ ಪ್ರಕಟಿಸಿದ ಆತ್ಮಕಥೆಯಲ್ಲಿ, ಎಲ್ಲರನ್ನೂ ಬಿಟ್ಟಿರೋ ನೋವಿಗಿಂತ ಈ ಕುರುಡು ಮಗುವಿನ ಚಿಂತೆಯೇ ತನ್ನನ್ನ ಒಡೆದುಹಾಕ್ತಿತ್ತು ಅಂತ ಒಪ್ಪಿಕೊಂಡಿದ್ದಾನೆ. ಒಂದು ಮಾತು ಕೊಟ್ಟಿದ್ದರೆ ಸಾಕಿತ್ತು, ಸಂಜೆಗೆ ಮನೆಯಲ್ಲಿರ್ತಿದ್ದ. ಕೊಡಲಿಲ್ಲ. ಅದು ಧೈರ್ಯವೋ, ಮಕ್ಕಳ ಪಾಲಿಗೆ ಹಟವೋ? ಆತ ಸ್ವತಃ ಇದನ್ನೇ ಯೋಚಿಸಿ ಯೋಚಿಸಿ ಒದ್ದಾಡಿದ್ದಾನೆ. ಮೇರಿ ಅಪ್ಪ ಬಿಡುಗಡೆಯಾಗೋದನ್ನ ನೋಡದೆ ತೀರಿಕೊಂಡಳು.

ಮೊದಲ ವರ್ಷ ಜೈಲರ್ ಒಳ್ಳೆಯವನಾಗಿದ್ದ. ಆಗಾಗ ಹೊರಗೆ ಬಿಡ್ತಿದ್ದ, ಬನ್ಯನ್ ಒಮ್ಮೆ ಲಂಡನ್ನಿಗೂ ಹೋಗಿಬಂದ. ಅದು ಗೊತ್ತಾಗಿ ಜೈಲರ್‌ನ ಕೆಲಸಕ್ಕೇ ಕುತ್ತು ಬಂತು, ಆಮೇಲೆ ಬಾಗಿಲಿಂದಾಚೆ ಇಣುಕೋದೂ ಕಷ್ಟವಾಯ್ತು. 1662ರಲ್ಲಿ ವಿಚಾರಣೆಯ ಪಟ್ಟಿಗೆ ಹೆಸರು ಸೇರಿಸೋಕೆ ಜೈಲರ್ ಸಹಾಯ ಮಾಡಿದ. ಕೋರ್ಟಿನ ಗುಮಾಸ್ತ ಆ ಹೆಸರನ್ನ ತೆಗೆಸಿಹಾಕಿದ. ಹೆಸರಿಲ್ಲ ಅಂದ್ರೆ ವಿಚಾರಣೆ ಇಲ್ಲ, ಅಷ್ಟೇ.

ಬಿಡುಗಡೆಯಾಗಿದ್ದು 1672ರಲ್ಲಿ, ರಾಜ ಧಾರ್ಮಿಕ ವಿನಾಯಿತಿ ಘೋಷಿಸಿದ ಮೇಲೆ. ಪೂರ್ತಿ ಕ್ಷಮಾಪಣೆಯ ಪಟ್ಟಿ ಮಾಡಿಸಿದವರು ಕ್ವೇಕರ್ ಪಂಥದವರು. ಬನ್ಯನ್ ತನ್ನ ಮೊದಲ ಪುಸ್ತಕಗಳಲ್ಲಿ ಬೈದಿದ್ದು ಇವರನ್ನೇ! ಹಾಗಿದ್ದೂ ಅವನ ಹೆಸರನ್ನ ತಮ್ಮವರ ಜೊತೆ ಸೇರಿಸಿದರು. ಆರೇಳು ತಿಂಗಳ ಇನ್ನೊಂದು ಜೈಲುವಾಸ ಮುಗಿದಿದ್ದು 1677ರಲ್ಲಿ. 1678ರಲ್ಲಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್ ಬಂತು. ಅದರಲ್ಲಿ ನಾಯಕ ಹೆಂಡತಿ ಮಕ್ಕಳನ್ನ ಬಿಟ್ಟು ಒಬ್ಬನೇ ಹೊರಡ್ತಾನೆ. 1684ರ ಎರಡನೇ ಭಾಗದಲ್ಲಿ ಹೆಂಡತಿ ನಾಲ್ಕು ಮಕ್ಕಳನ್ನ ಕಟ್ಟಿಕೊಂಡು ಅದೇ ದಾರಿ ನಡೀತಾಳೆ. ನಾಲ್ಕು ಅನ್ನೋ ಸಂಖ್ಯೆ ಸುಮ್ನೆ ಬಂದದ್ದು ಅಂತ ನನಗನಿಸಲ್ಲ.

1685ರಲ್ಲಿ ರಾಜ ಬದಲಾದ, ಮತ್ತೆ ಹಿಡೀತಾರೆ ಅನ್ನೋ ಭಯ ಬಂತು. ಆ ಡಿಸೆಂಬರ್‌ನಲ್ಲಿ ಬನ್ಯನ್ ತನ್ನದೆಲ್ಲವನ್ನೂ ಎಲಿಜಬೆತ್ ಹೆಸರಿಗೆ ಬರೆದು ದಾನಪತ್ರ ಮಾಡಿದ. ತಾನು ಒಳಗೆ ಹೋದರೂ ಈ ಸಲ ಮನೆ ಉಳೀಬೇಕು ಅಂತ. ಪತ್ರವನ್ನ ಮನೆಯ ಹೊಗೆಗೂಡಿನ ಸಂದಿಯಲ್ಲಿ ಬಚ್ಚಿಟ್ಟ. 1688ರಲ್ಲಿ, ಜಗಳವಾಡಿದ್ದ ಒಬ್ಬ ಅಪ್ಪ ಮಗನನ್ನ ರಾಜಿ ಮಾಡಿಸಿ ಮಳೆಯಲ್ಲಿ ಕುದುರೆ ಮೇಲೆ ಲಂಡನ್ನಿಗೆ ಬಂದವನಿಗೆ ಜ್ವರ ಹಿಡೀತು. ಆಗಸ್ಟ್ 31ರಂದು ಲಂಡನ್ನಿನ ಗೆಳೆಯನ ಮನೆಯಲ್ಲೇ ತೀರಿಕೊಂಡ. ಎಲಿಜಬೆತ್ ಮತ್ತೆ ಕೋರ್ಟಿನ ಕಾಗದ ಹಿಡಿದು, ಗಂಡ ಬಿಟ್ಟುಹೋದ ಸುಮಾರು 42 ಪೌಂಡಿನ ಆಸ್ತಿಗೆ ಹಕ್ಕು ಪಡೆದಳು. ದಾನಪತ್ರ ಸಿಕ್ಕಿದ್ದು 19ನೇ ಶತಮಾನದಲ್ಲಿ, ಆ ಮನೆ ಕೆಡವಿದಾಗ.