ಕೊಳಚೆಗೆ ಗಾಳಿ ಊದಿಸಿದ ಫೌಲರ್

ನಾವು ಬಚ್ಚಲಿಗೆ ಸುರಿದ ನೀರು ಎಲ್ಲಿ ಹೋಗುತ್ತದೆ? ಆ ಚಿಂತೆಯಲ್ಲೇ ಬಾಳು ಸವೆಸಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಗಿಲ್ಬರ್ಟ್ ಫೌಲರ್ (1868–1953). 1912ರಲ್ಲಿ ಅಮೆರಿಕದಲ್ಲಿ ಕೊಳಚೆಗೆ ಗಾಳಿ ಊದುವ ಪ್ರಯೋಗ ಕಂಡು ಬಂದ ಅವರು, ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಅವರಿಗೆ ಅದನ್ನು ಮುಂದುವರಿಸಲು ಸೂಚಿಸಿದರು. ತಳದ ಕೆಸರನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಿದಾಗ, ಐದು ವಾರಗಳ ಶುದ್ಧೀಕರಣ 24 ಗಂಟೆಯೊಳಗೆ ಮುಗಿಯಿತು! ಈ ಫಲಿತಾಂಶ 1914ರಲ್ಲಿ ಪ್ರಕಟವಾಯಿತು.

ಆ ಕೆಸರಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಉಸಿರಾಡುತ್ತಾ ಕೊಳೆಯನ್ನು ತಿನ್ನುತ್ತವೆ. ಆಮ್ಲಜನಕ ತೀರಿದರೆ ಕೆಲವು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ, ಸಾರಜನಕವನ್ನು ಗಾಳಿಗೆ ಬಿಡುತ್ತವೆ.

1916ರಲ್ಲಿ ಫೌಲರ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯ ಸಾರಜನಕ ಹೊಲಕ್ಕೆ ಗೊಬ್ಬರವಾಗಲೆಂದು ಶ್ರಮಿಸಿದರು.

ಮಲೇಶಿಯಾದಲ್ಲೂ ಈ ವಿಧಾನ ಬಳಕೆಯಲ್ಲಿದೆ. ಮಕ್ಕಳೇ, ಕರಿದ ಎಣ್ಣೆಯನ್ನೋ ಬಣ್ಣವನ್ನೋ ಸಿಂಕಿಗೆ ಸುರಿಯುವ ಮುನ್ನ ಈ ಪುಟ್ಟ ಜೀವಿಗಳನ್ನು ನೆನೆಯೋಣ.