ಅಂಚೆಯಲ್ಲಿ ಬಂದ ರೋಗಿಗಳು

ನಾಡಿ ಹಿಡಿಯದೆ ವೈದ್ಯನು ಮದ್ದು ಹೇಳಬಹುದೇ? ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಅದು ರೂಢಿಯೇ ಆಗಿತ್ತು. ಇಟಲಿಯ ಫೋರ್ಲಿಯಲ್ಲಿ 1682ರಲ್ಲಿ ಜನಿಸಿದ ಜೊವಾನ್ನಿ ಬತ್ತಿಸ್ತಾ ಮೊರ್ಗಾನಿಯವರು 1715ರಿಂದ ಪಾದುವಾದಲ್ಲಿ, ನಮ್ಮ ಸಂತ ಅಂತೋನಿಯವರ ಆ ಪಾದುವಾದಲ್ಲಿಯೇ, ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ದೂರದೂರುಗಳ ವೈದ್ಯರು ತಮ್ಮ ರೋಗಿಯ ವಯಸ್ಸು, ದೇಹಪ್ರಕೃತಿ, ನೋವಿನ ಸ್ಥಾನ, ಅದುವರೆಗೆ ಕೊಟ್ಟ ಔಷಧ ಇವೆಲ್ಲವನ್ನೂ ವಿವರಿಸಿ ಅವರಿಗೆ ಪತ್ರ ಬರೆಯುತ್ತಿದ್ದರು. ಕಂಡರಿಯದ ಆ ರೋಗಿಗೆ ಮೊರ್ಗಾನಿಯವರು ಔಷಧವನ್ನೂ ಪಥ್ಯವನ್ನೂ ಬರೆದು ಕಳುಹಿಸುತ್ತಿದ್ದರು. ಉತ್ತರ ತಲಪುವಷ್ಟರಲ್ಲಿ ರೋಗದ ಗತಿಯೇ ಬದಲಾಗಿರುವ ಸಂಭವವೂ ಇತ್ತು!

ರೋಗವು ಯಾವ ಅಂಗದಲ್ಲಿ ನೆಲೆಸಿತ್ತೆಂಬುದನ್ನು ಮರಣಾನಂತರ ಶವಪರೀಕ್ಷೆಯಲ್ಲಿ ಕಣ್ಣಾರೆ ಕಂಡು, ಅದನ್ನು ರೋಗಿ ಬದುಕಿದ್ದಾಗಿನ ಲಕ್ಷಣಗಳೊಂದಿಗೆ ತಾಳೆನೋಡುವುದು ಅವರ ಪದ್ಧತಿಯಾಗಿತ್ತು. ವೈದ್ಯನ ಊಹೆ ಎಷ್ಟು ಬಾರಿ ತಪ್ಪುತ್ತದೆಂಬುದನ್ನು ಅವರಷ್ಟು ಬಲ್ಲವರು ವಿರಳ. ಆದುದರಿಂದಲೇ ಇರಬೇಕು, ಅವರ ಒಲವು ಉಗ್ರ ಔಷಧಗಳಿಗಿಂತ ಸೌಮ್ಯ ಚಿಕಿತ್ಸೆಯ ಕಡೆಗಿತ್ತು.

ಅವರು 15 ಮಕ್ಕಳ ತಂದೆ. ಪುತ್ರಿಯರಲ್ಲಿ ಎಂಟು ಮಂದಿ ಕನ್ಯಾಮಠ ಸೇರಿದರು.

ಶರೀರದಲ್ಲಿ ರೋಗಗಳ ನೆಲೆಯನ್ನೂ ಕಾರಣಗಳನ್ನೂ ನಿರೂಪಿಸುವ ಅವರ ಮಹಾಗ್ರಂಥವು 1761ರಲ್ಲಿ ವೆನಿಸಿನಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು 79. ಜೀವಮಾನವಿಡೀ ಪತ್ರಗಳಿಗೆ ಉತ್ತರಿಸಿದ ಆ ಹಿರಿಯರು ಅದನ್ನೂ ರಚಿಸಿದುದು ಯುವಮಿತ್ರನೊಬ್ಬನಿಗೆ ಬರೆದ 70 ಪತ್ರಗಳ ರೂಪದಲ್ಲಿಯೇ. 1771ರಲ್ಲಿ ಪಾದುವಾದಲ್ಲಿ ಅವರು ದೈವಾಧೀನರಾದರು.